ಮಂಡಿ ಚೀಟಿ ವಾಪಸ್ ಸಿಕ್ಕಿದ್ದಕ್ಕೆ ಥ್ಯಾಂಕ್ಸ್

ಕೋಲಾರದ ಟೊಮೇಟೊ ಮಂಡಿಗೆ ನಾನು ಮಾಡಿಕೊಟ್ಟಿರೋ ಬಿಲ್ ಸಾಫ್ಟ್‌ವೇರ್ ಕೈಕೊಟ್ಟಿತ್ತು, ನಿನ್ನೆ ಬೆಳಗ್ಗೆಯಿಂದ ಮತ್ತೆ ನೆಟ್ಟಗೆ ಓಡ್ತಿದೆ. ಥ್ಯಾಂಕ್ಸ್ ಹೇಳ್ದಿದ್ರೆ ತಿಂದಿದ್ದು ಮೈಗೆ ಹತ್ತಲ್ಲ.

ತಪ್ಪು ನಂದೇ. ಸೇಫ್ಟಿಗಿರ್ಲಿ ಅಂತ ಬಿಲ್ಲಿಗೊಂದು ಲೆಕ್ಕಕ್ಕೊಂದು ಅಂತ ಎರಡು ಕಂಟೇನರ್‌ಗೆ (ಒಂದೇ ಸರ್ವರ್ ಒಳಗೆ ಪ್ರೋಗ್ರಾಮನ್ನ ಬೇರೆಯಾಗಿ ಓಡಿಸೋ ಡಬ್ಬಿ) ಬೇರೆ ಬೇರೆ ಐಡಿ ರೇಂಜ್, ಅಂದ್ರೆ ಯೂಸರ್ ನಂಬರ್‌ಗಳ ಸಾಲು, ಕೊಟ್ಟಿದ್ದೆ, ಒಂದಕ್ಕೆ 100000ದಿಂದ, ಇನ್ನೊಂದಕ್ಕೆ 165536ರಿಂದ, ಆದ್ರೆ ಚೀಟಿ ಫೋಲ್ಡರ್ ಮಾತ್ರ ಇಬ್ರಿಗೂ ಒಂದೇ. ಬಿಲ್ ಹಾಕೋ ಕಂಟೇನರ್ ಒಳಗೆ 33ನೇ ಯೂಸರ್ ಬರೆದ ಫೈಲು ಡಿಸ್ಕ್ ಮೇಲೆ 100033 ಅಂತ ಹೋಗಿ ಕೂತಿದೆ, ಲೆಕ್ಕದ ಕಂಟೇನರ್‌ನಿಂದ ನೋಡಿದ್ರೆ ಓನರ್ ಜಾಗದಲ್ಲಿ ಬರೀ ನೋಬಡಿ, 65534, ವಾರಸುದಾರ ಇಲ್ದಿರೋ ಮಾಲು. ಫೈಲಿನ ಓನರ್ ಬದಲಾಯಿಸೋ ಚೌನ್ ಕಮಾಂಡ್ ಹೊಡ್ದೆ, ಈ ಕಡೆ ತೆಗೀತು ಆ ಕಡೆ ಪರ್ಮಿಷನ್ ಡಿನೈಡ್. ತಿರುಗಿಸಿ ಹೊಡ್ದೆ, ಉಲ್ಟಾ. ಲಕ್ಷಗಟ್ಟಲೆ ಚೀಟಿ ಇರೋದ್ರಿಂದ ಒಂದೊಂದು ಸಲಾನೂ ಕಾಯ್ಕೊಂಡು ಕೂರೋದು, ಎರಡು ರಾತ್ರಿ ಹಂಗೇ ಹೋಯ್ತು. ಯಾರು ಬೇಕಾದ್ರೂ ಓದಿ ಬರೀಲಿ ಅಂತ 777 ಪರ್ಮಿಷನ್ ಕೊಟ್ಟು ಮಲ್ಕೊಳ್ಳೋಣ ಅನ್ನಿಸಿದ್ದು ನಿಜ (ಕೊಡ್ಲಿಲ್ಲ, ಆಣೆಗೂ).

ಆಗ ಫೋನ್ ಎತ್ತಿದ್ದು ಹಳೇ ಕಂಪ್ನಿ ಸೀನಿಯರ್ ಅಣ್ಣ, ಬಂಗಾರಪೇಟೆ ಟ್ರೈನಲ್ಲಿ ನಿಂತ್ಕೊಂಡೇ ಮಾತಾಡಿದ್ರು. "ಲೋ, ಕ್ರೇಟ್ ಮೇಲಿನ ಗುರುತು ಯಾಕೋ ಅಳಿಸ್ತೀಯ? ಗುರುತು ಹಂಗೇ ಇರ್ಲಿ, ಬಾಗಿಲಲ್ಲಿ ನಿಂತಿರೋನು ಅದನ್ನ ಅವನ ಲೆಕ್ಕದ ನಂಬರ್‌ಗೆ ಓದ್ಕೊಳ್ಲಿ." ಐಡಿಮ್ಯಾಪ್ಡ್ ಮೌಂಟ್ ಅಂತೆ. ಡಿಸ್ಕಲ್ಲಿ ಫೈಲು 33 ಅಂತಲೇ ಇರುತ್ತೆ, ಆ ಫೋಲ್ಡರನ್ನ ಯಾವ ಕಂಟೇನರ್‌ಗೆ ಮೌಂಟ್ ಮಾಡ್ತೀವೋ, ಅಂದ್ರೆ ಜೋಡಿಸ್ತೀವೋ, ಅದರ ರೇಂಜ್‌ಗೆ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಬದಲಾಯಿಸಿ ತೋರಿಸುತ್ತೆ, ಒಂದು ಫೈಲನ್ನೂ ಮುಟ್ಟಲ್ಲ. 2021ರಲ್ಲೇ 5.12 ಕರ್ನಲ್‌ಗೆ ಬಂದಿದೆ, ನಮ್ಮ ಸರ್ವರ್ ಇನ್ನೂ 5.4ರಲ್ಲಿ ಗೊರಕೆ ಹೊಡೀತಿತ್ತು. ಅಪ್‌ಗ್ರೇಡ್ ಮಾಡಿ, ಎಲ್ಲಾನೂ 33ಕ್ಕೆ ತರೋಕೆ ಕೊನೇ ಸಲ ಒಂದು ಚೌನ್ ಹೊಡ್ದು, ಎರಡು ಕಂಟೇನರ್‌ಗೂ ಡಿಸ್ಕ್ ಸೆಟ್ಟಿಂಗಲ್ಲಿ ಈ ನಂಬರ್ ಬದಲಾವಣೆ ಆನ್ ಆಗೋಕೆ ಶಿಫ್ಟ್ ಟ್ರೂ ಅಂತ ಒಂದು ಸಾಲು ಹಾಕ್ದೆ, ಅಷ್ಟೇ.

ಮಂಡಿ ಸಾಹುಕಾರ್ರಿಗೆ ಕೈ ಮುಗೀಬೇಕು, ಸೀಸನ್ ಟೈಮಲ್ಲಿ ಒಂದು ಮಾತೂ ಬೈಯದೆ ಕಾರ್ಬನ್ ಪೇಪರ್ ಇಟ್ಟು ಕೈಯಲ್ಲೇ ಚೀಟಿ ಬರ್ಸಿದ್ರು, ಆ ಚೀಟೀನೆಲ್ಲ ಆಮೇಲೆ ಕೂತು ಎಂಟ್ರಿ ಮಾಡಿದ್ದು ನನ್ ತಂಗಿ, ಅವಳಿಗೆ ಬಾಕಿ ಇದೆ. ಅಣ್ಣಂಗೆ ಒಂದು ಕ್ರೇಟ್ ಹಣ್ಣು ಕಳಿಸ್ತೀನಿ ಅಂದ್ರೆ "ಇವತ್ತಿನ ರೇಟ್ ನೋಡ್ಕೊಂಡು ಮಾತಾಡೋ" ಅಂತ ಫೋನ್ ಇಟ್ರು.