ರಕ್ಷಣಾ ಆದೇಶಕ್ಕೆ ಚೆಕ್‌ಪೋಸ್ಟ್ ಇಲ್ಲ

ಸಂಪಾದಕರಿಗೆ ನಮಸ್ಕಾರ.

ಕಾಸರಗೋಡು ಜಿಲ್ಲೆಯ ಗಡಿ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ ಇದೆ. ಅಲ್ಲಿ ರವಿಕೆ ಹೊಲಿಯುವ ಹುಡುಗಿಗೆ ಕಳೆದ ವರ್ಷ ಕೋರ್ಟಿನಿಂದ ರಕ್ಷಣಾ ಆದೇಶ ಸಿಕ್ಕಿತು. ಗಂಡ ಅವಳ ಮೈ ಮುಟ್ಟಬಾರದು, ಫೋನು ಮಾಡಬಾರದು, ಮೆಸೇಜು ಕಳಿಸಬಾರದು, ಕೆಲಸದ ಜಾಗಕ್ಕೆ ಬರಬಾರದು, ಮಗುವಿನ ಶಾಲೆ ಹತ್ತಿರ ಸುಳಿಯಬಾರದು. ಎಲ್ಲ ಬರೆದಿದೆ. ಅದರ ಒಂದು ಪ್ರತಿ ನನ್ನ ಅಂಗಡಿಯ ದುಡ್ಡಿನ ಡ್ರಾಯರಿನಲ್ಲೂ ಇದೆ, ಪ್ಲಾಸ್ಟಿಕ್ ಕವರಿನಲ್ಲಿ, ನೂಲಿನ ಉಂಡೆಗಳ ಕೆಳಗೆ.

ಆದರೂ ಆತ ಬಂದ. ಅಂಗಡಿಯ ಒಳಗೆ ಬರಲಿಲ್ಲ, ಅಷ್ಟು ಹುಷಾರು. ಎದುರಿನ ಬಸ್ ಸ್ಟಾಪಿನಲ್ಲಿ ಕೂತ. ಬಸ್ಸುಗಳು ಬಂದವು, ಹೋದವು, ಒಂದನ್ನೂ ಹತ್ತಲಿಲ್ಲ. ಗುರುತಿಲ್ಲದ ನಂಬರಿನಿಂದ ಅವಳ ಫೋನಿಗೆ ವಾಯ್ಸ್ ಮೆಸೇಜು ಬಂತು: "ಹಸಿರು ಚೂಡಿದಾರ ನಿಂಗೆ ಚಂದ ಕಾಣ್ತದೆ." ಬೇರೆಯವರು ಕೇಳಿದರೆ ಇದರಲ್ಲಿ ಎಂತ ತಪ್ಪಿದೆ ಅನ್ನಿಸಬಹುದು. ಅವಳಿಗೆ ಅರ್ಥವಾಯಿತು. ಸಂಜೆ ಹಿಂದಿನ ತೋಟದ ದಾರಿಯಲ್ಲಿ ಮನೆಗೆ ಹೋದಳು.

ಮರುದಿನ ಠಾಣೆಗೆ ಹೋದೆವು. "ಹೊಡೆದಿಲ್ಲವಲ್ಲ? ಹೊಡೆದರೆ ಬನ್ನಿ" ಎಂದರು ಒಬ್ಬರು. ಇನ್ನೊಬ್ಬರು "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂದು ನಕ್ಕರು. ಅವರಿಬ್ಬರೂ ಒಟ್ಟಿಗೆ ಉಂಡು ಎಷ್ಟು ಕಾಲವಾಯಿತೋ ಏನೋ ಸ್ವಾಮಿ! ಕೊನೆಗೆ, ಅವನನ್ನೂ ಕರೆಸಿ ರಾಜಿ ಮಾಡಿಸೋಣ ಎಂಬ ಮಾತು ಬಂತು. ಇವಳಿಂದ ದೂರ ಇರು ಎಂದು ಮ್ಯಾಜಿಸ್ಟ್ರೇಟರು ಯಾರಿಗೆ ಹೇಳಿದ್ದಾರೋ ಅವನನ್ನೇ ತಂದು ಇವಳ ಪಕ್ಕದ ಕುರ್ಚಿಯಲ್ಲಿ ಕೂರಿಸುವುದು ಯಾವ ನ್ಯಾಯ?

ಹೊಡೆತ ತಿಂದ ಮೇಲೆ ಬರಬೇಕು ಅಂತ ಕಾನೂನು ಹೇಳುವುದಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಆದೇಶ ಮುರಿಯುವುದೇ ಅಪರಾಧ. ಮಧ್ಯಂತರ ಆದೇಶವಾದರೂ ಅಷ್ಟೇ. 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವಾರಂಟಿಲ್ಲದೆ ಹಿಡಿಯಬಹುದಾದ, ಜಾಮೀನುರಹಿತ ಅಪರಾಧ ಇದು. "ಸಾಕ್ಷಿ ಯಾರು?" ಎಂದೂ ಕೇಳಿದರು. ಅವಳ ಹೇಳಿಕೆ ಒಂದನ್ನೇ ನಂಬಿ ಕೋರ್ಟು ತೀರ್ಮಾನಕ್ಕೆ ಬರಬಹುದು ಎಂದು 32ನೇ ಸೆಕ್ಷನ್‌ನಲ್ಲೇ ಇದೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಗಡಿಯ ವಿಷಯ. ನಮ್ಮಲ್ಲಿ ಮಗಳನ್ನು ಪುತ್ತೂರಿಗೆ ಕೊಡುತ್ತೇವೆ, ಸೊಸೆಯನ್ನು ಸುಳ್ಯದಿಂದ ತರುತ್ತೇವೆ, ಜ್ವರ ಜಾಸ್ತಿಯಾದರೆ ಮಂಗಳೂರಿಗೆ ಓಡುತ್ತೇವೆ. ಈ ಹುಡುಗಿಯೂ ಸಂಬಂಧಿಕರ ಮದುವೆಗೆಂದು ದಕ್ಷಿಣ ಕನ್ನಡದ ಕಡೆ ಹೋಗಿದ್ದಳು. ಅವನು ಅಲ್ಲಿಗೂ ಬಂದ. ಊಟದ ಪಂಕ್ತಿಯಲ್ಲಿ ಅವಳ ಎದುರಿಗೇ ಕೂತು, "ಕೇರಳದ ಕಾಗದ ಇಲ್ಲಿ ನಡೆಯುವುದಿಲ್ಲ" ಎಂದ. ಆ ಊರಿನ ಠಾಣೆಯಲ್ಲೂ ಹೆಚ್ಚುಕಡಿಮೆ ಅದೇ ಮಾತು: "ಆದೇಶ ಅಲ್ಲಿಯದು, ಅಲ್ಲೇ ದೂರು ಕೊಡಿ." ಈಚೆ ಬಂದರೆ, "ಘಟನೆ ಆದದ್ದು ಕರ್ನಾಟಕದಲ್ಲಿ, ನಮಗೇನು ಸಂಬಂಧ?" ಎರಡು ಠಾಣೆಗಳು ಸೇರಿ ಅವಳನ್ನು ವಾಲಿಬಾಲಿನ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ ತಳ್ಳಿದವು.

ಅದೇ ಕಾಯ್ದೆಯ 27ನೇ ಸೆಕ್ಷನ್ ತೆಗೆದು ನೋಡಿ. ಇದರಡಿ ಕೊಟ್ಟ ಆದೇಶ ಇಡೀ ಭಾರತದಲ್ಲಿ ಜಾರಿಗೆ ಬರುತ್ತದೆ ಎಂದಿದೆ. ಗಡಿಯ ತಲಪಾಡಿ ಚೆಕ್‌ಪೋಸ್ಟಿನಲ್ಲಿ ಅದರ ಕಾಲ ಮುಗಿಯುವುದಿಲ್ಲ. 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಇಂಥ ಅಪರಾಧ ಎಲ್ಲೇ ನಡೆದಿರಲಿ, ದೂರನ್ನು ಯಾವ ಠಾಣೆಯಲ್ಲೂ ಕೊಡಬಹುದು. "ನಮ್ಮ ವ್ಯಾಪ್ತಿ ಅಲ್ಲ" ಎಂದು ವಾಪಸ್ ಕಳಿಸುವಂತಿಲ್ಲ.

ಠಾಣೆಯೊಂದೇ ದಾರಿ ಅಲ್ಲ ಅನ್ನುವುದೂ ಗೊತ್ತಿರಲಿ. ಸಹಿ ಮಾಡಿದ ದೂರನ್ನು ಇದೇ ಕಾಯ್ದೆಯಡಿ ನೇಮಕವಾದ ಮಹಿಳಾ ಸಂರಕ್ಷಣಾ ಅಧಿಕಾರಿಗೆ ಕೊಟ್ಟರೆ, ಅವರು ಅದನ್ನು ಆದೇಶದ ಪ್ರತಿಯ ಜತೆ ಮ್ಯಾಜಿಸ್ಟ್ರೇಟರಿಗೆ ಕಳಿಸಲೇಬೇಕು. ನೇರ ಮ್ಯಾಜಿಸ್ಟ್ರೇಟರ ಬಳಿಗೂ ಹೋಗಬಹುದು. ನಾವು ವಿದ್ಯಾನಗರಕ್ಕೆ ಹೋಗಿ ಸಂರಕ್ಷಣಾ ಅಧಿಕಾರಿಗೆ ದೂರು ಕೊಟ್ಟೆವು, ಕನ್ನಡದಲ್ಲೇ. 1969ರ ಕೇರಳದ ಆಡಳಿತ ಭಾಷಾ ಕಾಯ್ದೆ ನಮಗೆ ಆ ಹಕ್ಕು ಕೊಟ್ಟಿದೆ, ಸುಮ್ನೆ ಯಾರ ಹತ್ತಿರವೋ ಮಲಯಾಳದಲ್ಲಿ ಬರೆಸಿ ಅರ್ಥವಾಗದ ಕಾಗದಕ್ಕೆ ಸಹಿ ಹಾಕುವುದು ಯಾಕೆ? ವಕೀಲರ ಫೀಸಿನ ಚಿಂತೆ ಇದ್ದವರು 15100ಕ್ಕೆ ಫೋನು ಮಾಡಿ. ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ, ಆದಾಯ ಎಷ್ಟಿದ್ದರೂ.

ಎದುರಿನ ಹಾರ್ಡ್‌ವೇರ್ ಅಂಗಡಿಯವರು ಕೇಳಿದ ದಿನವೇ ಕ್ಯಾಮೆರಾದ ದೃಶ್ಯವನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ತಡ ಮಾಡಿದರೆ ಹಳೆಯದು ತಾನಾಗಿ ಅಳಿಸಿಹೋಗುತ್ತದಂತೆ. ಇಂಥ ನೆರೆಯವರು ಎಲ್ಲರಿಗೂ ಇರುವುದಿಲ್ಲ ಅಲ್ವಾ? ಹಾಗಾಗಿ ಕಾಸರಗೋಡು ಮತ್ತು ದಕ್ಷಿಣ ಕನ್ನಡ, ಎರಡೂ ಜಿಲ್ಲೆಗಳ ಪೊಲೀಸ್ ವರಿಷ್ಠರಲ್ಲಿ ನನ್ನ ಬೇಡಿಕೆ ಇಷ್ಟೇ. ಗಡಿಯ ಠಾಣೆಗಳಿಗೆ ಒಂದು ಸುತ್ತೋಲೆ ಕಳಿಸಿ. 27 ಮತ್ತು 31ನೇ ಸೆಕ್ಷನ್‌ಗಳನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆಸಿ, ದೂರು ಬರೆದುಕೊಳ್ಳುವ ಮೇಜಿನ ಹಿಂದಿನ ಗೋಡೆಗೆ ಅಂಟಿಸಿ.

ನನ್ನ ಹೆಸರು, ಊರು, ಅಂಗಡಿಯ ಹೆಸರು ಯಾವುದನ್ನೂ ದಯವಿಟ್ಟು ಹಾಕಬೇಡಿ. ಅವನೂ ನಿಮ್ಮ ಪತ್ರಿಕೆ ಓದುತ್ತಾನೆ.

ಹೊಲಿಗೆ ಅಂಗಡಿಯ ಒಬ್ಬಳು ಓದುಗಾರ್ತಿ,
ಕಾಸರಗೋಡು ಜಿಲ್ಲೆ