ಕೂಡಿ ಬರೆದ ಕೈಪಿಡಿಗೆ ಹಕ್ಕಿನ ಬೇಲಿ ಬೇಡ

ಮಾನ್ಯರೇ,

ಬೆಂಗಳೂರಿನಲ್ಲಿ ಎಷ್ಟೋ ಜನ ಸೇರಿಕೊಂಡು ಕನ್ನಡದಲ್ಲಿ ಕೈಪಿಡಿಗಳನ್ನು ಬರೆಯುತ್ತಿದ್ದಾರೆ. ಯುನಿಕೋಡ್‌ನಲ್ಲಿ ಟೈಪ್ ಮಾಡುವುದು ಹೇಗೆ, ಲಿನಕ್ಸ್ ಹಾಕಿಕೊಳ್ಳುವುದು ಹೇಗೆ, ಫೋನಿನಲ್ಲಿ ಕನ್ನಡ ಕೀಬೋರ್ಡ್ ಎಲ್ಲಿದೆ, ಹೀಗೆ. ರಜೆಯ ದಿನ ಕೂತು, ಯಾರಿಂದಲೂ ಕಾಸು ಪಡೆಯದೆ ಮಾಡುವ ಕೆಲಸ. ಆದರೆ ಶುರುವಿನಲ್ಲೇ ‘ಇದರ ಕಾಪಿರೈಟ್ ನಮಗೆ ಬೇಡ’ ಎಂದು ಒಂದು ಸಾಲು ಹಾಕುವವರು ತೀರಾ ಕಮ್ಮಿ. ದಯವಿಟ್ಟು ಹಾಕಿ.

ಸುಮ್ನೆ ಬಿಟ್ಟರೆ ಅದು ತಾನಾಗಿ ಎಲ್ಲರದ್ದೂ ಆಗುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಆಗುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿಯೂ ಬೇಕಿಲ್ಲ. ಬರೆದವರು ಇರುವಷ್ಟು ದಿನ, ಅವರು ಹೋದ ಮೇಲೆ ಇನ್ನೂ 60 ವರ್ಷ ಅದು ಉಳಿಯುತ್ತದೆ.

ನನಗೆ ಗೊತ್ತಿರುವ ಒಂದು ಟೈಪಿಂಗ್ ಕೈಪಿಡಿಯ ಕಥೆ ಕೇಳಿ. ಒಬ್ಬ ಮೇಷ್ಟ್ರು ಅದನ್ನು ಅಚ್ಚು ಹಾಕಿಸಿ ಮಕ್ಕಳಿಗೆ ಹಂಚಬೇಕು ಎಂದು ಹೊರಟರು. ಪ್ರೆಸ್‌ನವರು ಬರೆದವರೆಲ್ಲರ ಒಪ್ಪಿಗೆ ಪತ್ರ ತನ್ನಿ ಎಂದರು. ಒಬ್ಬರು ವಿದೇಶಕ್ಕೆ ಹೋಗಿದ್ದಾರೆ, ಇನ್ನೊಬ್ಬರಿಗೆ ಮೇಲ್ ಹಾಕಿದರೆ ವಾಪಸ್ ಬರುತ್ತದೆ, ಒತ್ತಕ್ಷರದ ಪುಟ ಬರೆದವರಂತೂ ತೀರಿಹೋಗಿದ್ದಾರೆ. ಎರಡು ಅಕ್ಷರಗಳ ನಡುವೆ ಎಫ್ ಕೀಲಿ ಒತ್ತಿ ಎಂದು ವಿವರಿಸುವ ಅರ್ಧ ಪುಟ ಅದು. ಅಷ್ಟಕ್ಕೆ ಅವರ ಮನೆಯವರ ಹತ್ತಿರ ಹೋಗಿ ಸಹಿ ಕೇಳಲು ಯಾರಿಗೆ ಮನಸ್ಸು ಬರುತ್ತದೆ? ಅಚ್ಚು ಅಲ್ಲಿಗೇ ನಿಂತಿತು. ಬರೆದವರಲ್ಲಿ ಒಬ್ಬರೂ ಬೇಡ ಅನ್ನುತ್ತಿರಲಿಲ್ಲ ಅನ್ನುವುದೇ ಹೊಟ್ಟೆ ಉರಿಸುವ ವಿಷಯ.

ದಾರಿ ಕಾಯ್ದೆಯಲ್ಲೇ ಇದೆ. 21ನೇ ಸೆಕ್ಷನ್ ಪ್ರಕಾರ ಬರೆದವರು ತಮ್ಮ ಹಕ್ಕನ್ನು ಬಿಟ್ಟುಕೊಡಬಹುದು. ಮೊದಲು ಕೃತಿಸ್ವಾಮ್ಯ ರಿಜಿಸ್ಟ್ರಾರ್‌ಗೇ ನೋಟಿಸ್ ಕೊಡಬೇಕಿತ್ತು, 2012ರ ತಿದ್ದುಪಡಿ ಬಂದ ಮೇಲೆ ಸಾರ್ವಜನಿಕ ಪ್ರಕಟಣೆ ಕೊಟ್ಟರೂ ಆಗುತ್ತದೆ. ಇದಕ್ಕೆಂದೇ, ಬರಹಗಳನ್ನು ಮುಕ್ತವಾಗಿ ಹಂಚಲು ಲೈಸೆನ್ಸ್ ಪಠ್ಯಗಳನ್ನು ಬರೆದುಕೊಡುವ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯವರು 2009ರಲ್ಲಿ ತಂದ ಸಿಸಿ ಝೀರೊ ಎಂಬ ಸಿದ್ಧ ಪಠ್ಯವೂ ಇದೆ. ಯಾವುದಾದರೂ ದೇಶದ ಕಾನೂನು ಹಕ್ಕು ಬಿಡಲು ಒಪ್ಪದಿದ್ದರೆ, ಅಲ್ಲಿ ಅದು ಷರತ್ತಿಲ್ಲದ ಲೈಸೆನ್ಸ್, ಅಂದರೆ ಬಳಸಲು ಅನುಮತಿ, ಆಗಿ ನಿಲ್ಲುತ್ತದೆ.

ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶವನ್ನೇ ನೋಡಿ. ವಿಕಿಪೀಡಿಯದ ಲೇಖನ ಬಳಸಿದರೆ ಮೂಲ ಹೇಳಬೇಕು, ಅದೇ ಲೈಸೆನ್ಸ್‌ನಲ್ಲೇ ಹಂಚಬೇಕು. ಆದರೆ ಮೀಡಿಯಾವಿಕಿ ತಾಣದ ಸಹಾಯ ಪುಟಗಳನ್ನು ಬೇಕೆಂದೇ ಸಾರ್ವಜನಿಕ ಸ್ವತ್ತಾಗಿ, ಅಂದರೆ ಯಾರ ಕಾಪಿರೈಟೂ ಇಲ್ಲದಂತೆ, ಇಟ್ಟಿದ್ದಾರೆ, ಯಾಕಂದ್ರೆ ಆ ತಂತ್ರಾಂಶ ಹಾಕಿಕೊಂಡವರು ಆ ಪುಟಗಳನ್ನು ಹಾಗೇ ಎತ್ತಿ ತಮ್ಮ ತಾಣಕ್ಕೆ ಹಾಕಿಕೊಳ್ಳಲಿ, ಬೇಕಾದಂತೆ ತಿದ್ದಿಕೊಳ್ಳಲಿ ಅಂತ. ನಮ್ಮ ಫೋನ್‌ಗಳೊಳಗೆಲ್ಲ ಇರುವ, ಮಾಹಿತಿ ಜೋಡಿಸಿಡುವ ಎಸ್‌ಕ್ಯೂಲೈಟ್ ತಂತ್ರಾಂಶದ ಕೋಡ್, ಕೈಪಿಡಿ ಎರಡೂ ಸಾರ್ವಜನಿಕ ಸ್ವತ್ತು. ಕೋಡ್ ಬರೆದವರ ಹತ್ತಿರ ಹಕ್ಕು ಬಿಟ್ಟ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿ, ಮೂಲ ಪ್ರತಿಗಳನ್ನು ಬೆಂಕಿ ತಗಲದ ತಿಜೋರಿಯಲ್ಲಿ ಇಟ್ಟಿದ್ದಾರೆ. ಅಷ್ಟು ಗಂಭೀರವಾಗಿ ಮಾಡುವ ಕೆಲಸ ಇದು.

ಯಾರೋ ತಮ್ಮ ಹೆಸರು ಹಾಕಿಕೊಂಡು ಮಾರಿದರೆ ಎಂದು ಕೇಳುತ್ತಾರೆ. ಮಾರಲಿ. ನಾವು ಬರೆದದ್ದು ಪುಕ್ಕಟೆಯಾಗಿ ಸಿಗುತ್ತಲೇ ಇರುತ್ತದಲ್ವಾ? ಅರವಟ್ಟಿಗೆ ಇಟ್ಟ ಮೇಲೆ ಕುಡಿದವರ ಊರು ಕೇಳಬಾರದು.

ಕಥೆ, ಕವನಕ್ಕೆ ಈ ಮಾತು ಹೇಳುತ್ತಿಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ಅಲರ್ ಎಂಬ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತವಾಗಿಯೇ ಬಂತು, ಮೂಲ ಹೇಳಬೇಕು ಎಂಬ ಷರತ್ತಿನೊಂದಿಗೆ. ಅದು ನ್ಯಾಯವೇ. ಆದರೆ ಕಂಪ್ಯೂಟರ್ ಲ್ಯಾಬಿನ ಗೋಡೆಗೆ ಅಂಟಿಸುವ ಒಂದು ಹಾಳೆಯಲ್ಲಿ ತಿದ್ದಿದವರ ಹೆಸರೆಲ್ಲ ಹಾಕಲು ಜಾಗ ಎಲ್ಲಿದೆ?

ಐಟಿ ಕೆಲಸದಲ್ಲಿರುವವರಿಗೆ ಇನ್ನೊಂದು ಮಾತು. ನೌಕರಿಯ ಭಾಗವಾಗಿ ಬರೆದದ್ದರ ಹಕ್ಕು ಸಾಮಾನ್ಯವಾಗಿ ಕಂಪನಿಯದ್ದು, ಅದನ್ನು ನೀವು ಬಿಟ್ಟುಕೊಡಲು ಬರುವುದಿಲ್ಲ. ಸೇರುವಾಗ ಸಹಿ ಹಾಕಿದ ಕರಾರು ಒಮ್ಮೆ ಓದಿಕೊಳ್ಳಿ.

ಗುಂಪು ನಡೆಸುವವರು ಬರಹ ಸೇರಿಸುವ ಗುಂಡಿಯ ಮೇಲೆಯೇ ಇಷ್ಟು ಬರೆದರೆ ಸಾಕು: ‘ನಾನು ಇಲ್ಲಿ ಬರೆದದ್ದರ ಮೇಲಿನ ಎಲ್ಲ ಹಕ್ಕನ್ನು ಸಿಸಿ ಝೀರೊ ಪ್ರಕಾರ ಬಿಟ್ಟುಕೊಟ್ಟಿದ್ದೇನೆ. ಬೇರೆಯವರದ್ದನ್ನು ನಕಲು ಮಾಡಿಲ್ಲ.’ ಈಗಾಗಲೇ ಬರೆದಿಟ್ಟ ಕೈಪಿಡಿಗಳಿಗೂ, ಬರೆದವರು ಕೈಗೆ ಸಿಗುವಾಗಲೇ ಒಂದು ಮಾತು ಕೇಳಿ ಬರೆಸಿಕೊಳ್ಳಿ.

– ಒಬ್ಬ ಓದುಗ, ರಾಜಾಜಿನಗರ, ಬೆಂಗಳೂರು