ಚಳಿಯನ್ನೇ ಕೆಲಸಕ್ಕೆ ಹಚ್ಚಿದವರು

ಪ್ರೀತಿಯ ಗೆಳೆಯಾ,

ಹೋದ ಸಲ ಮಾತಾಡುವಾಗ ನೀನು ಕೇಳಿದ್ದೆ, 'ಮೈನಸ್ 40 ಡಿಗ್ರಿ ಚಳಿಯಲ್ಲಿ ಜನ ಏನ್ ಮಾಡ್ತಾರೆ, ಬಾಗಿಲು ಹಾಕಿಕೊಂಡು ಒಳಗೇ ಕೂತಿರ್ತಾರಾ' ಅಂತ. ಆವತ್ತು ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಆಮೇಲೆ ಸೈಬೀರಿಯಾದ ಯಾಕುಟ್ಸ್ಕ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಇಲ್ಲ ಮಾರಾಯಾ, ಒಳಗೆ ಕೂರುವುದಿಲ್ಲ. ಮೂರು ಲಕ್ಷಕ್ಕೂ ಹೆಚ್ಚು ಜನರಿರುವ ನಗರ ಅದು. ಜನವರಿಯಲ್ಲಿ ಮೈನಸ್ 40 ಅಲ್ಲಿ ಮಾಮೂಲಿ. ಆಫೀಸು, ಬಸ್ಸು, ಸಂತೆ ಎಲ್ಲ ನಡೆಯುತ್ತವೆ. ಚಿಕ್ಕ ಮಕ್ಕಳಿಗೆ ಶಾಲೆಯ ರಜೆ ಸಿಗಬೇಕಾದರೂ ಮೈನಸ್ 45ರ ಸುತ್ತಮುತ್ತ ಇಳಿಯಬೇಕು.

ನನಗೆ ಜಾಸ್ತಿ ಹಿಡಿಸಿದ್ದು ಅವರು ಮನೆ ಕಟ್ಟುವ ರೀತಿ. ಅಲ್ಲಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಎಷ್ಟು ಆಳದವರೆಗೆ ಗೊತ್ತಾ? 1828ರಲ್ಲಿ ಶೆರ್ಗಿನ್ ಎಂಬ ವ್ಯಾಪಾರಿ ನೀರಿಗಾಗಿ ಬಾವಿ ತೋಡಿಸಲು ಶುರುಮಾಡಿದ. 1837ರ ಹೊತ್ತಿಗೆ 116 ಮೀಟರ್ ಇಳಿದಿದ್ದರು. ನೀರಿಲ್ಲ, ಅಷ್ಟು ಕೆಳಗೂ ಮಣ್ಣು ಹೆಪ್ಪುಗಟ್ಟಿಯೇ ಇತ್ತು. ಇಂಥ ನೆಲದ ಮೇಲೆ ನೇರವಾಗಿ ಮನೆ ಕಟ್ಟಿದರೆ ಮನೆಯ ಬಿಸಿಗೇ ಮಣ್ಣು ಕರಗಿ ಗೋಡೆ ವಾಲುತ್ತದೆ. ಅದಕ್ಕೇ ಆಳಕ್ಕೆ ಕಾಂಕ್ರೀಟ್ ಕಂಬ ಇಳಿಸಿ, ಅದರ ಮೇಲೆ ಕಟ್ಟಡ ನಿಲ್ಲಿಸುತ್ತಾರೆ. ಕೆಳಗೆ ಚಳಿಗಾಳಿ ಆಡಲಿ ಅಂತ ಬೇಕೆಂದೇ ಜಾಗ ಬಿಡುತ್ತಾರೆ. ಮನೆಯೊಳಗೆ ಬೆಚ್ಚಗಿರಬೇಕು, ಮನೆಯಡಿ ತಣ್ಣಗಿರಬೇಕು. ನೀರಿನ ಪೈಪುಗಳನ್ನೂ ಹೂಳುವುದಿಲ್ಲ. ದಪ್ಪಗೆ ಹೊದಿಕೆ ಸುತ್ತಿ ನೆಲದ ಮೇಲೇ ಎಳೆಯುತ್ತಾರೆ. ರಸ್ತೆ ಅಡ್ಡ ಬಂದರೆ ಪೈಪು ಕಮಾನಿನ ಹಾಗೆ ಮೇಲೆದ್ದು ದಾಟುತ್ತದೆ.

ಸುತ್ತಲಿನ ಹಳ್ಳಿಗಳಲ್ಲಿ ಕುಡಿಯುವ ನೀರು ಬರುವುದು ಕೆರೆ, ಹೊಳೆಯ ಮಂಜುಗಡ್ಡೆಯಿಂದ. ಚಳಿಗಾಲದ ಶುರುವಿನಲ್ಲಿ ಗಡ್ಡೆ ಸಾಕಷ್ಟು ದಪ್ಪವಾದಾಗ ಗರಗಸದಲ್ಲಿ ಕೊಯ್ದು ಅಂಗಳದಲ್ಲಿ ಪೇರಿಸಿಡುತ್ತಾರೆ. ಬೇಕಾದಾಗ ಒಂದು ತುಂಡು ಒಳಗೆ ತಂದು ಕರಗಿಸುವುದು. ಉಳಿದದ್ದು ಬೇಸಿಗೆಗೆ ನೆಲಮಾಳಿಗೆ ಸೇರುತ್ತದೆ. ಅದಕ್ಕೆ ಕರೆಂಟು ಬೇಡ, ನೆಲವೇ ಫ್ರಿಜ್ಜು. ಸಂತೆಯಲ್ಲಿ ಮೀನು ಕಟ್ಟಿಗೆಯಂತೆ ಸೆಟೆದು ನಿಂತಿರುತ್ತದೆ. ಹಾಲನ್ನು ಬಟ್ಟಲಲ್ಲಿ ಹೆಪ್ಪುಗಟ್ಟಿಸಿ ಬಿಲ್ಲೆ ಮಾಡಿ ಮಾರುತ್ತಾರೆ. ಗಟ್ಟಿಯಾದ ಲೀನಾ ನದಿಯ ಮೇಲೆ ಲಾರಿಗಳೇ ಓಡಾಡುತ್ತವೆ.

ಈಗ ಭೂಮಿ ಬಿಸಿಯಾಗುತ್ತಿದೆಯಲ್ಲ, ಅಲ್ಲಿ ನೆಲ ಕರಗಿ ಗೋಡೆಗಳು ಬಿರುಕು ಬಿಡುತ್ತಿವೆ. ಇಷ್ಟೆಲ್ಲ ಬದುಕು ನಿಂತಿರುವುದು ಆ ಚಳಿಯ ಮೇಲೇ ಅಲ್ವಾ? ಓದುವಾಗ ನಿಜಕ್ಕೂ ಸಂಕಟವಾಯಿತು.

ಬಟ್ಟೆಯ ವಿಷಯ ಬಿಡು, ಪದರದ ಮೇಲೆ ಪದರ ಅಂತ ನಿನಗೂ ಗೊತ್ತು. ಕಾಲಿಗೆ ಹಿಮಸಾರಂಗದ ತುಪ್ಪಳದ ಬೂಟು. ಬರಿಗೈಯಲ್ಲಿ ಲೋಹ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಚಳಿ ತುಂಬಾ ಹೆಚ್ಚಾದಾಗ ಬಿಟ್ಟ ಉಸಿರು ಗಾಳಿಯಲ್ಲೇ ಹರಳಾಗಿ ಸಣ್ಣಗೆ ಸರಸರ ಎನ್ನುತ್ತದಂತೆ. ಅಲ್ಲಿಯವರು ಅದನ್ನು 'ನಕ್ಷತ್ರಗಳ ಪಿಸುಮಾತು' ಅನ್ನುತ್ತಾರೆ.

ಇನ್ನೊಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಮೂಗಿಗೋ ಕೆನ್ನೆಗೋ ಚಳಿ ಕಚ್ಚಿದರೆ ನೋವೇ ಗೊತ್ತಾಗುವುದಿಲ್ಲ, ಚರ್ಮ ಅಷ್ಟು ಮರಗಟ್ಟಿರುತ್ತದೆ. ಬಿಳಿ ಮಚ್ಚೆ ಎದ್ದಿದ್ದು ತನ್ನ ಕಣ್ಣಿಗೆ ಕಾಣುವುದಿಲ್ಲ. ಜೊತೆಯಲ್ಲಿ ನಡೆಯುವವರು ನೋಡಿ ಹೇಳಬೇಕು, 'ನಿನ್ನ ಕೆನ್ನೆ ಬೆಳ್ಳಗಾಗಿದೆ, ಬೇಗ ಒಳಗೆ ನಡಿ' ಅಂತ.

ಬೇಗ ಬರಿ.

ನಿನ್ನ ಗೆಳೆಯ